'ನಾಸ್ತಿಕ' ಪದ ಮತ್ತು ಜೈನರು

'ನಾಸ್ತಿಕ'ನೆಂದರೆ ದೇವರಿಲ್ಲವೆನ್ನುವವನು ಎಂಬುದು ಇಂದಿನ ರೂಢಿ. ಪ್ರಾಚೀನ ಶಾಸ್ತ್ರಗಳಲ್ಲಿ ಈ ಪದದ ಅರ್ಥ ಬೇರೆಯಾಗಿತ್ತು. ಪಾಣಿನಿಯ ಸೂತ್ರಕ್ಕೆ ಕಾಶಿಕಾವೃತ್ತಿ ನೀಡುವ ವಿವರಣೆಯಂತೆ ಪರಲೋಕವುಂಟೆಂದು ತಿಳಿದವನು ಆಸ್ತಿಕ, ಇಲ್ಲವೆಂದವನು ನಾಸ್ತಿಕ. ಮನುಸ್ಮೃತಿಯಾದರೋ ವೇದನಿಂದಕನನ್ನು ನಾಸ್ತಿಕನೆಂದಿತು. ಈ ಎರಡನೆಯ ಅಳತೆಗೋಲಿನಿಂದಲೇ ಜೈನ, ಬೌದ್ಧ, ಚಾರ್ವಾಕಗಳು ಒಂದೇ ಗುಂಪಿಗೆ ಸೇರಿದವು. ಸೃಷ್ಟಿಕರ್ತನನ್ನು ಒಪ್ಪದ ಪೂರ್ವಮೀಮಾಂಸೆಯೂ ನಿರೀಶ್ವರ ಸಾಂಖ್ಯವೂ ವೇದಪ್ರಾಮಾಣ್ಯವನ್ನು ಒಪ್ಪಿದ್ದರಿಂದ ಆಸ್ತಿಕ ದರ್ಶನಗಳಾಗಿಯೇ ಉಳಿದವು. ಎಂದ ಮೇಲೆ ಇಲ್ಲಿ ವಿವಾದದ ವಿಷಯ ದೇವರಲ್ಲ, ಪ್ರಮಾಣ.

ಜೈನರು ಸೃಷ್ಟಿಕರ್ತನನ್ನು ನಿರಾಕರಿಸಿದ್ದು ಭಕ್ತಿಯ ಅಭಾವದಿಂದಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಲೋಕವೇ ಇಲ್ಲದಾಗ ಕರ್ತೃ ಎಲ್ಲಿದ್ದನು? ಅಶರೀರಿಯು ಮೂರ್ತವಸ್ತುವನ್ನು ಹೇಗೆ ರಚಿಸಿದನು? ಕರುಣೆಯಿಂದ ಸೃಷ್ಟಿಸಿದನಾದರೆ ಜೀವಿಗಳಿಗೆ ದುಃಖವೇಕೆ? ಈ ಪ್ರಶ್ನೆಗಳಿಗೆ ಜೈನದರ್ಶನ ಕಂಡುಕೊಂಡ ಉತ್ತರ ಅನಾದಿಯಾದ ಲೋಕ ಮತ್ತು ಕರ್ಮ. ಆತ್ಮ, ಪುನರ್ಜನ್ಮ, ಮೋಕ್ಷಗಳನ್ನು ನಂಬುವ ಈ ದರ್ಶನ ಕಾಶಿಕೆಯ ಅರ್ಥದಲ್ಲಿ ಪೂರ್ಣ ಆಸ್ತಿಕವೇ. ಹರಿಭದ್ರಸೂರಿಯು ಷಡ್ದರ್ಶನಸಮುಚ್ಚಯದಲ್ಲಿ ಜೈನ, ಬೌದ್ಧಗಳನ್ನೂ ಆಸ್ತಿಕವಾದಗಳಲ್ಲಿ ಎಣಿಸಿ, ಲೋಕಾಯತವನ್ನು ಕೊನೆಯಲ್ಲಿರಿಸಿರುವುದು ಗಮನಾರ್ಹ.

ಹೀಗೆ ತಮ್ಮ ಮೇಲಿನ ಆರೋಪವನ್ನು ನಿವಾರಿಸಿಕೊಂಡವರು ಅದನ್ನು ಇತರರ ಮೇಲೆ ಹೊರಿಸದೆ ಬಿಡಲಿಲ್ಲ. ಜಿನಸೇನರ ಕೃತಿಯಲ್ಲಿಯೂ ಅದನ್ನು ಅನುಸರಿಸಿ 941ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ವಿದ್ಯಾಧರ ಚಕ್ರಿ ಮಹಾಬಲನ ಆಸ್ಥಾನದ ಪ್ರಸಂಗವಿದೆ. ಅವನ ನಾಲ್ವರು ಮಂತ್ರಿಗಳಲ್ಲಿ ಮಹಾಮತಿ ಭೂತವಾದಿ. ಸಂಭಿನ್ನಮತಿ, ಶತಮತಿಗಳು ಬೌದ್ಧವಾದಗಳ ಪ್ರತಿನಿಧಿಗಳು. ಅವರನ್ನು ಖಂಡಿಸುವವನು ಜೈನನಾದ ಸ್ವಯಂಬುದ್ಧ. ಮೂವರ ವಾದವೂ ನಮಗೆ ದೊರೆಯುವುದು ಗೆದ್ದವನ ಕಡೆಯ ಕವಿಯಿಂದ. ಚಾರ್ವಾಕರ ಸ್ಥಿತಿಯೂ ಇದೇ. ಅವರ ಮೂಲಸೂತ್ರಗಳು ಉಳಿದಿಲ್ಲ. ಎದುರಾಳಿಗಳು ಬರೆದ ಪೂರ್ವಪಕ್ಷವೇ ಆಧಾರ. ಪ್ರತ್ಯಕ್ಷವೊಂದನ್ನೇ ನೆಚ್ಚಿದವರು ಭೋಗಲಾಲಸರಾಗಿ ಮಾತ್ರ ಚಿತ್ರಿತರಾದರು.

ಆದರೂ ಜಿನಸೇನರ ಕಥೆ ಖಂಡನೆಯಲ್ಲಿ ಮುಗಿಯುವುದಿಲ್ಲ. ಮುಂದಿನ ಭವವೊಂದರಲ್ಲಿ ಶ್ರೀಧರದೇವನಾದ ಮಹಾಬಲನು ತನ್ನ ಹಳೆಯ ಮಂತ್ರಿಗಳ ಗತಿಯನ್ನು ವಿಚಾರಿಸುತ್ತಾನೆ. ಇಬ್ಬರು ನಿಗೋದದಲ್ಲಿರುತ್ತಾರೆ, ಶತಮತಿ ನರಕದಲ್ಲಿ. ಶ್ರೀಧರನು ನರಕಕ್ಕೇ ಹೋಗಿ ಬೋಧಿಸಲು ಶತಮತಿಯು ಸಮ್ಯಕ್ತ್ವವನ್ನು ಪಡೆಯುತ್ತಾನೆ. ಭಿನ್ನಮತೀಯನನ್ನು ನರಕಕ್ಕೆ ಕಳುಹಿಸಿದ ಪುರಾಣವೇ ಅವನನ್ನು ಅಲ್ಲಿ ಕೈಬಿಡಲಿಲ್ಲ. ನಾಸ್ತಿಕರೆನಿಸಿಕೊಂಡು ನೊಂದ ಪರಂಪರೆಯೊಂದು ಇತರರನ್ನು ಕಂಡ ಬಗೆಯಲ್ಲಿ ಈ ಕಾಠಿನ್ಯ, ಕಾರುಣ್ಯಗಳೆರಡೂ ಇವೆ. ಒಂದನ್ನು ಮರೆಮಾಚಿ ಇನ್ನೊಂದನ್ನು ಓದುವುದು ಸಾಧುವಲ್ಲ.