ಧ್ವನಿಶುದ್ಧಿ



ನಾವು ಆಡುತ್ತಿರುವ ಈ ಮಾತುಗಳನ್ನು ಎದುರಿಗಿರುವ ಯಂತ್ರವು ಮುದ್ರಿಸಿಕೊಳ್ಳುತ್ತಿದೆ. ನಾಳೆ ಒಬ್ಬ ತರುಣ ಭಕ್ತರು ಇದನ್ನು ಗಣಕಯಂತ್ರಕ್ಕೆ ಹಾಕಿ, ಫ್ಯಾನಿನ ಸದ್ದನ್ನೂ ಕೆಮ್ಮನ್ನೂ ತೆಗೆದು ಶುದ್ಧಮಾಡುವರು. ಒಳ್ಳೆಯ ಸೇವೆಯೇ ಸರಿ. ಆದರೆ ಶುದ್ಧಿಯ ಭರದಲ್ಲಿ ಮೂಲವೇ ಕೆಡಬಾರದು. ಇದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವುಂಟು.

ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಎದುವಾರ್ ಲೆಯೋನ್ ಸ್ಕಾಟ್ ಎಂಬ ಮುದ್ರಣ ಕಸುಬಿನವನಿದ್ದನು. ಧ್ವನಿಯು ತನ್ನನ್ನು ತಾನೇ ಕಾಗದದ ಮೇಲೆ ಬರೆದುಕೊಳ್ಳಬೇಕೆಂಬುದು ಅವನ ಹಂಬಲ. 1857ರಲ್ಲಿ ಅವನು ಅದಕ್ಕೊಂದು ಯಂತ್ರ ರಚಿಸಿ ಪೇಟೆಂಟು ಪಡೆದನು. ದೀಪದ ಮಸಿ ಹಿಡಿಸಿದ ಕಾಗದವನ್ನು ಉರುಳೆಗೆ ಸುತ್ತಿ, ಕೈಯಿಂದ ತಿರುಗಿಸುತ್ತ, ತೆಳುಪೊರೆಯ ಎದುರು ಹಾಡಿದರೆ, ಪೊರೆಗೆ ತಗುಲಿದ ಬಿರುಗೂದಲು ಮಸಿಯಲ್ಲಿ ಗೆರೆ ಎಳೆಯುತ್ತಿತ್ತು. 1860ರ ಏಪ್ರಿಲ್ 9ರಂದು ಒಂದು ಜನಪದ ಗೀತೆಯ ತುಣುಕು ಹೀಗೆ ಗೆರೆಯಾಯಿತು. ಅದನ್ನು ಮರಳಿ ಕೇಳಿಸುವ ಉಪಾಯ ಅವನಲ್ಲಿರಲಿಲ್ಲ. ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಆ ಕಾಗದವು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಉಳಿಯಿತು.

2008ರಲ್ಲಿ ಅಮೆರಿಕದ ವಿದ್ವಾಂಸರು ಆ ಗೆರೆಗಳ ಚಿತ್ರ ತೆಗೆದು ಗಣಕಯಂತ್ರದಿಂದ ನಾದವಾಗಿಸಿದರು. ಕೈಯ ವೇಗ ಒಂದೇ ಸಮನಾಗಿರದ ಕಾರಣ ಸ್ವರ ಓಲಾಡುತ್ತಿತ್ತು. ಪುಣ್ಯಕ್ಕೆ ಸ್ಕಾಟನು ಹಾಡಿನ ಪಕ್ಕದಲ್ಲಿ ಶ್ರುತಿಕವೆಯ ಕಂಪನವನ್ನೂ ಬರೆಸಿದ್ದನು. ಅದನ್ನೇ ಅಳತೆಗೋಲಾಗಿ ಹಿಡಿದು ವೇಗವನ್ನು ಸರಿಪಡಿಸಿದರು. ಕೇಳಿದವರಿಗೆ ಎಳೆಯ ಹುಡುಗಿಯೊಬ್ಬಳು ಹಾಡಿದಂತೆ ತೋರಿತು.

ಆದರೆ ಅಲ್ಲಿಯೇ ಪ್ರಮಾದವಾಗಿತ್ತು. ಕವೆಯ ತೋಳು ಅತ್ತ ಹೋಗುವುದನ್ನು ಒಂದು, ಇತ್ತ ಬರುವುದನ್ನು ಇನ್ನೊಂದು ಕಂಪನವೆಂದು ಅಂದಿನ ಫ್ರೆಂಚರು ಎಣಿಸುತ್ತಿದ್ದರು. ಇಂದು ನಾವು 435 ಎನ್ನುವ ಸ್ವರವನ್ನು 1859ರಲ್ಲಿ ಆ ಸರ್ಕಾರವು 870 ಎಂದು ಬರೆಯಿತು. ಕವೆಯ ಲೆಕ್ಕ ತಪ್ಪಿದ್ದರಿಂದ ಹಾಡು ಇಮ್ಮಡಿ ವೇಗದಲ್ಲಿ ಓಡಿತ್ತು. 2009ರಲ್ಲಿ ತಿದ್ದಿ ಕೇಳಿದಾಗ ನಿಧಾನವಾದ ಗಂಡುದನಿ! ಅದು ಸ್ಕಾಟನದೇ ಇರಬೇಕೆಂದು ವಿದ್ವಾಂಸರು ಭಾವಿಸಿದರು.

ಯಂತ್ರವು ಹೇಳಿದಂತೆ ಮಾಡಿತು; ಹೇಳಿದವರು ಒಂದು ಶಬ್ದದ ಅರ್ಥದಲ್ಲಿ ಎಡವಿದರು. ಆದರೂ ಮಸಿಯ ಕಾಗದ ಇದ್ದಂತೆಯೇ ಇದ್ದುದರಿಂದ ತಿದ್ದಿಕೊಳ್ಳಲು ಸಾಧ್ಯವಾಯಿತು.

ಈಗ ಆಡಾಸಿಟಿಯಂಥ ಸಾಧನ ಮನೆಮನೆಗೆ ಬಂದಿದೆ. ಅದು 2000ದಲ್ಲಿ ಸಾರ್ವಜನಿಕರಿಗೆ ದೊರೆಯಿತು. ಯಾರೂ ಮಾತನಾಡದ ಒಂದು ಕ್ಷಣವನ್ನು ತೋರಿಸಿದರೆ, ಅಲ್ಲಿಯ ಸದ್ದಿನ ಸ್ವಭಾವವನ್ನು ಅರಿತು ಮುದ್ರಣದುದ್ದಕ್ಕೂ ಅದನ್ನು ತಗ್ಗಿಸುತ್ತದೆ. ಮಿತಿ ಮೀರಿದರೆ ಮಾತಿಗೂ ಪೆಟ್ಟು ಬೀಳುತ್ತದೆ. ವೈಯಾಕರಣರು ಊಷ್ಮಗಳೆಂದು ಕರೆದ ಶ, ಷ, ಸ, ಹಗಳು ಉಸಿರಿನಿಂದಾದ ಅಕ್ಷರಗಳು. ಟೇಪಿನ ಹಿಸ್ಸೆನ್ನುವ ಸದ್ದಿಗೆ ತೀರ ಹತ್ತಿರದವು. ಸದ್ದನ್ನು ಅಳಿಸಹೋಗಿ ಇವನ್ನು ಮಂಕಾಗಿಸಿದರೆ, ಶಂಕರನೆಂದದ್ದು ಸಂಕರವೆಂದು ಕೇಳೀತು!

ಓಲೆಗರಿಯ ಗ್ರಂಥವನ್ನು ಪರಿಷ್ಕರಿಸುವ ಪಂಡಿತನು ಶುದ್ಧಪಾಠವನ್ನು ಬೇರೆ ಹಾಳೆಯಲ್ಲಿ ಬರೆಯುತ್ತಾನೆ, ಓಲೆಯನ್ನು ಕೆರೆಯುವುದಿಲ್ಲ. ಹಾಗೆಯೇ, ತೀರಿಹೋದ ಹಿರಿಯರ ದನಿ ನಿಮ್ಮ ಮನೆಯ ಹಳೆಯ ಕ್ಯಾಸೆಟ್ಟಿನಲ್ಲಿದ್ದರೆ ಅದರ ಪ್ರತಿ ಮಾಡಿ ಪ್ರತಿಯನ್ನು ತಿದ್ದಿರಿ, ಸಂತೋಷದಿಂದ ಕೇಳಿರಿ. ಮೂಲವನ್ನು ಮಾತ್ರ ಕೆಮ್ಮು ಸದ್ದುಗಳ ಸಮೇತ ಕಾದಿಡಿರಿ. ನಮ್ಮ ತಿದ್ದುಪಡಿಯಲ್ಲಿ ಉಳಿದ ತಪ್ಪನ್ನು ಕಾಣಬಲ್ಲವರು ಮುಂದೆ ಬರುವರು. ಅವರ ಕೈಗೆ ಮೂಲವು ಸಿಗಬೇಕು.