ಗೋಡೆಯ ಹಿಂದೆ ನಿಂತವರು

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರಲ್ಲಿ ಅನೇಕರು ಹೇಳುವ ಮಾತೊಂದಿದೆ: ಭಾನುವಾರ ಮಧ್ಯಾಹ್ನ ಅಳಿಯನೂ ಮೊಮ್ಮಗನೂ ಟಿ.ವಿ. ಮುಂದೆ ಕುಳಿತರೆ ಊಟಕ್ಕೆ ಕರೆದರೂ ಏಳುವುದಿಲ್ಲ. ತೆರೆಯ ಮೇಲೆ ಕಾಣುವುದೋ, ಶಿರಸ್ತ್ರಾಣ ತೊಟ್ಟ ಇಪ್ಪತ್ತೆರಡು ಮಂದಿ ಭೀಮಕಾಯರ ನೂಕುನುಗ್ಗಲು! ಕಾಲ್ಚೆಂಡೆಂದು ಹೆಸರು, ಕಾಲಿಗೆ ಕೆಲಸ ಅಪರೂಪ. ಆದರೆ ಈ ನೂಕುನುಗ್ಗಲಿಗೂ ಒಂದು ಲೆಕ್ಕವಿದೆ, ಆ ಲೆಕ್ಕಕ್ಕೆ ಒಂದು ಚರಿತ್ರೆಯಿದೆ. ಅದನ್ನು ತಿಳಿಯಲು 'ಲೈನ್‌ಬ್ಯಾಕರ್' ಎಂಬ ಒಬ್ಬ ಆಟಗಾರನನ್ನು ಹಿಂಬಾಲಿಸಿದರೆ ಸಾಕೆಂದು ನಮಗೆ ತೋರುತ್ತದೆ.

ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ; ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಬೇಕು. ತಡೆಯುವ ಹನ್ನೊಂದು ಜನರಲ್ಲಿ ಕೆಲವರು ಎದುರಾಳಿಗೆ ಎದುರಾಗಿ ಬಾಗಿ ಗೋಡೆಯಾಗುತ್ತಾರೆ. ಕೆಲವರು ತೀರ ಹಿಂದೆ ನಿಂತು ದೂರದ ಎಸೆತಗಳನ್ನು ಕಾಯುತ್ತಾರೆ. ಇವರಿಬ್ಬರ ನಡುವೆ, ಗೋಡೆಯಿಂದ ನಾಲ್ಕೈದು ಗಜ ಹಿಂದೆ, ತಲೆಯೆತ್ತಿ ನೋಡುತ್ತ ನಿಲ್ಲುವವನೇ ಲೈನ್‌ಬ್ಯಾಕರ್. ಚೆಂಡನ್ನು ಹೊತ್ತು ಓಡುತ್ತಾರೋ, ಎಸೆಯುತ್ತಾರೋ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ತೀರ್ಮಾನಿಸಬೇಕು.

ಮೊದಲು ಇಂಥವನೊಬ್ಬ ಇರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವುದೇ ನಿಷಿದ್ಧವಾಗಿದ್ದ ಕಾಲದಲ್ಲಿ ಎಲ್ಲರೂ ಗುಂಪುಗೂಡಿ ಗುದ್ದಾಡಿದರೆ ಆಯಿತು. ಮಿಷಿಗನ್ ವಿಶ್ವವಿದ್ಯಾಲಯದ ಜರ್ಮನಿ ಷುಲ್ಟ್ಸ್ ಎಂಬುವರು 1904ರಲ್ಲಿ ಸಾಲಿನಿಂದ ಎದ್ದು ಹಿಂದೆ ನಿಂತರೆಂದೂ, ತರಬೇತುದಾರ ಫೀಲ್ಡಿಂಗ್ ಯೋಸ್ಟರಿಗೆ ಅದು ಹಿಡಿಸಲಿಲ್ಲವೆಂದೂ ಹೇಳುತ್ತಾರೆ. ಮರುವರ್ಷವೇ ಈ ಆಟದ ಸಾವುನೋವು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಚಿಂತೆಗೂ ಕಾರಣವಾಯಿತು. ಅವರು ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. 1906ರಲ್ಲಿ ಮುಂದೆಸೆತಕ್ಕೆ ಒಪ್ಪಿಗೆ ದೊರೆಯಿತು. ಚೆಂಡು ತಲೆಯ ಮೇಲೆ ಹಾರತೊಡಗಿದ ಮೇಲೆ ಬರಿಯ ಗೋಡೆಯಿಂದ ಏನು ಪ್ರಯೋಜನ?

ಆದರೂ ನಡುವೆ ನಿಲ್ಲುವವನಿಗೆ ಈಗಿನ ರೂಪ ಬರಲು ಅರ್ಧ ಶತಮಾನ ಹಿಡಿಯಿತು. 1954ರಲ್ಲಿ ಷಿಕಾಗೊ ಬೇರ್ಸ್ ತಂಡದ ಬಿಲ್ ಜಾರ್ಜ್ ಫಿಲಡೆಲ್ಫಿಯಾದವರ ಎದುರು ಗೋಡೆಯ ನಟ್ಟನಡುವೆ ಆಡುತ್ತಿದ್ದರು. ಎದುರಿನವನಿಗೆ ಒಂದು ಡಿಕ್ಕಿ ಕೊಟ್ಟು ಹಿಂದೆ ಸರಿಯುವಷ್ಟರಲ್ಲಿ ಚೆಂಡು ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ಡಿಕ್ಕಿಯ ಗೊಡವೆ ಬಿಟ್ಟು ಮೊದಲೇ ಹಿಂದೆ ಸರಿದರೆ ಹೇಗೆ ಎಂದುಕೊಂಡರು, ಸರಿದರು, ಎಸೆತ ನೇರವಾಗಿ ಬಂದು ಅವರ ಹೊಟ್ಟೆಗೇ ಬಡಿಯಿತಂತೆ!

ಇದನ್ನು ಶಾಸ್ತ್ರವಾಗಿ ಮಾಡಿದವರು ನ್ಯೂಯಾರ್ಕ್ ಜಯಂಟ್ಸ್ ತಂಡದ ಟಾಮ್ ಲ್ಯಾಂಡ್ರಿ. ಮಹಾಯುದ್ಧದಲ್ಲಿ ಬಾಂಬರ್ ವಿಮಾನ ನಡೆಸಿ, ಆಮೇಲೆ ಎಂಜಿನಿಯರಿಂಗ್ ಓದಿದವರು. ಗೋಡೆಗೆ ನಾಲ್ವರು, ಹಿಂದೆ ಮೂವರು ಲೈನ್‌ಬ್ಯಾಕರರು ಎಂಬ ಅವರ ವ್ಯೂಹದಲ್ಲಿ ಯಾರೂ ಚೆಂಡಿನ ಹಿಂದೆ ಕುರುಡಾಗಿ ಓಡುವಂತಿಲ್ಲ. ತನಗೆ ಒಪ್ಪಿಸಿದ ಸಂದನ್ನು ಕಾಯುವುದು ಮೊದಲ ಕರ್ತವ್ಯ. 1956ರಲ್ಲಿ ತಂಡಕ್ಕೆ ಬಂದ ಸ್ಯಾಮ್ ಹಫ್ ನಡುವಿನ ಸ್ಥಾನಕ್ಕೆ ನಿಂತರು. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಯ ಕೂಲಿಕಾರನ ಮಗ; ಆಟವಿಲ್ಲದಿದ್ದರೆ ತಾನೂ ಗಣಿಗಿಳಿಯಬೇಕಾಗಿದ್ದವರು. ಆ ವರ್ಷವೇ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 1959ರ ನವೆಂಬರಿನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಅದುವರೆಗೆ ಚೆಂಡು ಎಸೆಯುವವನಿಗೆ, ಓಡುವವನಿಗೆ ಮಾತ್ರ ಮೀಸಲಾಗಿದ್ದ ಜೈಕಾರ ತಡೆಯುವವನಿಗೂ ಸಂದಿತು.

ಮೂವರ ಕೆಲಸ ಒಂದೇ ಅಲ್ಲ. ನಡುವಿನವನನ್ನು 'ಮೈಕ್' ಎನ್ನುತ್ತಾರೆ. ಎದುರಾಳಿಯ ವ್ಯೂಹ ಓದಿ ತನ್ನವರಿಗೆ ಕೂಗಿ ಹೇಳುವವನು ಸಾಮಾನ್ಯವಾಗಿ ಇವನೇ. 2008ರಿಂದ ರಕ್ಷಣೆಯ ಒಬ್ಬನ ಶಿರಸ್ತ್ರಾಣದಲ್ಲಿ ತರಬೇತುದಾರರ ಮಾತು ಕೇಳಿಸುವ ಪುಟ್ಟ ರೇಡಿಯೊ ಇಡಲು ಅನುಮತಿಯಿದೆ. ಹಿಂಬದಿಯಲ್ಲಿ ಹಸಿರು ಚುಕ್ಕೆಯಿದ್ದರೆ ಅವನೇ ಎಂದು ಗುರುತಿಸಬಹುದು. ಎದುರಾಳಿಯ ಸಾಲಿನಲ್ಲಿ ಒಬ್ಬ ಹೆಚ್ಚಿಗೆ ನಿಂತು ಬಲವಾದ ಪಕ್ಕಕ್ಕೆ 'ಸ್ಯಾಮ್'. ಆ ಹೆಚ್ಚಿನವನೊಡನೆ ಹೆಣಗಬೇಕಾದ್ದರಿಂದ ಗಟ್ಟಿ ಆಳು. ಇನ್ನೊಂದು ಪಕ್ಕದ 'ವಿಲ್' ಹಗುರ ಮೈಯವನು, ಚುರುಕು ಓಟದವನು. ಈಗ ಎಸೆತದ ಭರಾಟೆ ಹೆಚ್ಚಿ, ಪಾಪ, ಸ್ಯಾಮನನ್ನು ಎಷ್ಟೋ ಹೊತ್ತು ಹೊರಗೆ ಕೂರಿಸಿ ಹಿಂದಿನ ಸಾಲಿಗೆ ಇನ್ನೊಬ್ಬ ಓಟಗಾರನನ್ನು ಕಳುಹಿಸುತ್ತಾರೆ.

ಗೋಡೆಗೆ ಮೂವರು, ಹಿಂದೆ ನಾಲ್ವರು ಎಂಬ ವ್ಯೂಹ 1970ರ ದಶಕದಲ್ಲಿ ಹಬ್ಬಿತು. ಅದರಲ್ಲಿ ಅಂಚಿನವನಿಗೆ ಎಸೆತಗಾರನ ಮೇಲೆ ಎರಗುವ ಕೆಲಸವೂ ಸೇರಿತು. 1981ರಲ್ಲಿ ಜಯಂಟ್ಸ್ ಸೇರಿದ ಲಾರೆನ್ಸ್ ಟೇಲರ್ ಇದರಲ್ಲಿ ಅಸಾಧ್ಯರು. 1985ರ ನವೆಂಬರ್ 18ರ ರಾತ್ರಿ ಅವರ ಹಿಡಿತಕ್ಕೆ ಸಿಕ್ಕ ವಾಷಿಂಗ್ಟನ್ ತಂಡದ ಜೋ ಥೈಸ್ಮನ್ನರ ಕಾಲು ಮುರಿಯಿತು. ಅವರು ಮತ್ತೆ ಆಡಲಿಲ್ಲ. ಮೊದಲು ಕೈಬೀಸಿ ವೈದ್ಯರನ್ನು ಕರೆದವರಲ್ಲಿ ಟೇಲರರೂ ಒಬ್ಬರು.

ಅದಕ್ಕೆ ಕೆಲವೇ ವಾರಗಳ ಹಿಂದೆ ನಡೆದ ಇನ್ನೊಂದು ಘಟನೆಯೇ ನಮ್ಮನ್ನು ಹೆಚ್ಚು ಕಾಡುವುದು. ನಿಕ್ ಬೂನಿಕಾಂಟಿ 1972ರಲ್ಲಿ ಒಂದೂ ಪಂದ್ಯ ಸೋಲದ ಮಯಾಮಿ ಡಾಲ್ಫಿನ್ಸ್ ತಂಡದ ನಡು ಲೈನ್‌ಬ್ಯಾಕರ್. ಮಗ ಮಾರ್ಕ್ ಕಾಲೇಜು ತಂಡದಲ್ಲಿ ತಂದೆಯ ಹಾದಿಯನ್ನೇ ಹಿಡಿದಿದ್ದ. 1985ರ ಅಕ್ಟೋಬರಿನಲ್ಲಿ ಎದುರಾಳಿಯನ್ನು ತಡೆಯಲು ಹೋಗಿ ಕತ್ತಿನ ಮೂಳೆಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ತಂದೆ ಉಳಿದ ಆಯುಷ್ಯವನ್ನು ಪಾರ್ಶ್ವವಾಯು ಸಂಶೋಧನೆಗೆ ಹಣ ಕೂಡಿಸುವುದರಲ್ಲಿ ಕಳೆದರು. ಇಳಿವಯಸ್ಸಿನಲ್ಲಿ ಅವರ ನೆನಪೂ ಕೈಕೊಟ್ಟಿತು. ತಮ್ಮ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಬಿಟ್ಟುಕೊಡುವುದಾಗಿ 2017ರಲ್ಲಿ ಪ್ರಕಟಿಸಿ, 2019ರಲ್ಲಿ ತೀರಿಕೊಂಡರು.

ಹದಿನಾಲ್ಕು ವರ್ಷ ತುಂಬುವವರೆಗೆ ಮಕ್ಕಳಿಗೆ ಈ ಡಿಕ್ಕಿಯಾಟ ಬೇಡವೆಂದು 2018ರಲ್ಲಿ ಮೂವರು ಹಳೆಯ ಆಟಗಾರರು ಬಹಿರಂಗವಾಗಿ ಹೇಳಿದರು: ಬೂನಿಕಾಂಟಿ, ಟೇಲರರ ಜೊತೆಗಾರರಾಗಿದ್ದ ಹ್ಯಾರಿ ಕಾರ್ಸನ್, ಫಿಲ್ ವಿಲಪಿಯಾನೊ. ಮೂವರೂ ಲೈನ್‌ಬ್ಯಾಕರರೇ. ಬದಲಿಗೆ ಅವರು ಸೂಚಿಸಿದ ಆಟವೂ ಇದೇ ಚೆಂಡಿನದು, ಆದರೆ ಅದರಲ್ಲಿ ಕೆಡವುವಂತಿಲ್ಲ; ಆಟಗಾರನ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯನ್ನು ಕಿತ್ತುಕೊಂಡರೆ ಅವನು ಸಿಕ್ಕಿಬಿದ್ದಂತೆ.