ತ್ರೀ ನಾಟ್ ತ್ರೀ ಮತ್ತು ಠಾಣೆಯ ನಗು



ನೀವು ಮುಂಬಯಿಯವರಾದರೆ ಗಣಪತಿ ವಿಸರ್ಜನೆಯ ರಾತ್ರಿ, ಚೆನ್ನೈಯವರಾದರೆ ಮಂತ್ರಿಗಳ ಕಾರು ಹಾದುಹೋಗುವ ರಸ್ತೆಯಲ್ಲಿ, ದೆಹಲಿಯವರಾದರೆ ಜನವರಿಯ ಚಳಿಯಲ್ಲಿ ನಾಕಾಬಂದಿಯ ಹತ್ತಿರ ಅವರನ್ನು ನೋಡಿಯೇ ಇರುತ್ತೀರಿ. ನಾಲ್ಕೈದು ಜನ ಪೊಲೀಸರು, ಕೈಯಲ್ಲಿ ಅರ್ಧ ಲೋಟ ಚಹಾ, ಮಧ್ಯೆ ಇದ್ದಕ್ಕಿದ್ದಂತೆ ಒಂದು ದೊಡ್ಡ ನಗು. ಸಾಹೇಬರ ಜೀಪು ಬಂತೆಂದರೆ ನಗು ಗಪ್‌ಚಿಪ್!

ಅಷ್ಟು ನಗುವಂಥದ್ದು ಏನಿರುತ್ತದೆ? ಮುಂಬಯಿಯ ಹವಾಲ್ದಾರ್ ಆಗಲಿ, ಚೆನ್ನೈಯ ಏಟ್ಟಯ್ಯ ಆಗಲಿ, ನಮ್ಮ ಹಳೇ ಮೈಸೂರಿನ ದಫೇದಾರ್ ಆಗಲಿ, ಹರಟೆಯ ವಿಷಯ ಹೆಚ್ಚಾಗಿ ಎರಡೇ. ಒಂದು, ಇಲಾಖೆ ಕೊಟ್ಟ ಸಾಮಾನು. ಇನ್ನೊಂದು, ಯಾರು ಎಲ್ಲಿಗೆ ಎತ್ತಂಗಡಿ ಎನ್ನುವ ಗುಸುಗುಸು. ಈ ಎರಡರ ಹಿಂದೆಯೂ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಬನ್ನಿ, ಸ್ವಲ್ಪ ಕೆದಕಿ ನೋಡೋಣ.

ಮೊದಲು ಬಂದೂಕಿನ ಕತೆ. ಪೊಲೀಸರ ತಮಾಷೆಗೆ ತ್ರೀ ನಾಟ್ ತ್ರೀ ರೈಫಲ್‌ನಷ್ಟು ವಸ್ತು ಒದಗಿಸಿದ್ದು ಬೇರೊಂದಿಲ್ಲ. ಇದರ ಮೂಲ ಬ್ರಿಟಿಷರ ಲೀ ಎನ್‌ಫೀಲ್ಡ್. ಬ್ರಿಟಿಷ್ ಸೇನೆ ಇದನ್ನು ಒಪ್ಪಿಕೊಂಡದ್ದು 1895ರಲ್ಲಿ. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹೊತ್ತದ್ದು ಇದನ್ನೇ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲೂ ಇದು ತಯಾರಾಗುತ್ತಿತ್ತು. ತೂಕ ಸುಮಾರು 4 ಕಿಲೋ. ಒಂದು ಗುಂಡು ಹಾರಿಸಿದ ಮೇಲೆ ಕೈಯಿಂದ ಬೋಲ್ಟ್ ಎಳೆದು ತಳ್ಳಿದರೇನೇ ಮುಂದಿನ ಗುಂಡು. ಅದರ ಕಾಲಕ್ಕೆ ಅದು ಒಳ್ಳೆಯ ಆಯುಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 1962ರ ಚೀನಾ ಯುದ್ಧದ ನಂತರ ನಮ್ಮ ಸೇನೆಯೇ ಅದನ್ನು ಬಿಟ್ಟು ಹೊಸ ರೈಫಲ್‌ಗಳತ್ತ ಹೊರಟಿತು. ಸೇನೆ ಬಿಟ್ಟದ್ದು ಪೊಲೀಸರ ಪಾಲಿಗೆ ಉಳಿಯಿತು. ಅಣ್ಣನ ಹಳೆಯ ಅಂಗಿ ತಮ್ಮನಿಗೆ ಎನ್ನುತ್ತೇವಲ್ಲ, ಹಾಗೆ.

ತಮ್ಮ ಆ ಅಂಗಿಯನ್ನು ಎಷ್ಟು ದಿನ ತೊಟ್ಟ ಗೊತ್ತೇ? ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ! ಅಷ್ಟರಲ್ಲಿ ಅಜ್ಜ ಹೊತ್ತ ಬಂದೂಕನ್ನೇ ಮೊಮ್ಮಗನೂ ಹೊರುವ ಕಾಲ ಬಂದಿತ್ತು. "ಟ್ರಿಗರ್ ಎಳೆದರೆ ಗುಂಡು ಬೀಳುತ್ತೋ ಇಲ್ಲವೋ, ನಮ್ಮ ಭುಜ ಮಾತ್ರ ಬೀಳೋದು ಗ್ಯಾರಂಟಿ" ಎನ್ನುವ ಧಾಟಿಯ ಮಾತು ಸುಮ್ಮನೆ ಹುಟ್ಟುವುದಿಲ್ಲ.

ಇನ್ನು ಟೋಪಿ. ನಮ್ಮೂರಿನ ಪೇದೆ ಎಂದರೆ ನಿಮ್ಮ ಕಣ್ಣಮುಂದೆ ಬರುವುದು ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಿಸಿದ ಆ ಸ್ಲೌಚ್ ಹ್ಯಾಟ್ ಅಲ್ಲವೇ? ಫೋಟೋದಲ್ಲಿ ಅದರ ಗತ್ತೇ ಬೇರೆ. ಆದರೆ ಕಲಬುರಗಿಯ ಬಿಸಿಲಿನಲ್ಲಿ ಅದನ್ನು ಹೊತ್ತು ನಿಂತವರಿಗೆ ಗೊತ್ತು ಅದರ ಸುಖ. ಓಡುವಾಗ ಕಳ್ಳನನ್ನು ಹಿಡಿಯಬೇಕೋ ಟೋಪಿಯನ್ನು ಹಿಡಿಯಬೇಕೋ ಎನ್ನುವುದೇ ದೊಡ್ಡ ಪ್ರಶ್ನೆ! ಕೊನೆಗೂ 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪೇದೆಗಳಿಗೆ ಕಡುನೀಲಿ ಬಣ್ಣದ ಹಗುರ ಪೀಕ್ ಕ್ಯಾಪ್ ಕೊಡಲು ಶುರುಮಾಡಿತು. ಒಂದು ಟೋಪಿ ಬದಲಾಗಲು ದಶಕಗಳೇ ಬೇಕಾದವು.

ಹಾಗಂತ ಹಳೆಯದೆಲ್ಲ ಕೆಲಸಕ್ಕೆ ಬಾರದ್ದು ಎಂದೇನಿಲ್ಲ. ಒಡಿಶಾ ಪೊಲೀಸರ ಬಳಿ 1946ರಿಂದ ಪಾರಿವಾಳಗಳ ಒಂದು ಅಂಚೆ ಪಡೆಯೇ ಇತ್ತು. ಸೇನೆ ಕೊಟ್ಟ ಹಕ್ಕಿಗಳಿಂದ ಶುರುವಾದದ್ದು. ಕಾಲಿಗೆ ಚೀಟಿ ಕಟ್ಟಿ ಬಿಟ್ಟರೆ ಸೀದಾ ತನ್ನ ಗೂಡಿಗೆ! 1948ರಲ್ಲಿ ಜವಾಹರಲಾಲ್ ನೆಹರೂ ಅವರೂ ಸಂಬಲ್‌ಪುರದಿಂದ ಕಟಕ್‌ಗೆ ಈ ಅಂಚೆಯಲ್ಲೇ ಒಂದು ಸಂದೇಶ ಕಳಿಸಿದ್ದರು. ವೈರ್‌ಲೆಸ್ ಬಂದ ಮೇಲೆ ಇದು ನಗೆಯ ವಸ್ತುವಾದದ್ದು ಸಹಜವೇ. ಆದರೆ 1982ರ ಪ್ರವಾಹದಲ್ಲಿ, 1999ರ ಭೀಕರ ಚಂಡಮಾರುತದಲ್ಲಿ ತಂತಿ, ಫೋನು ಎಲ್ಲ ಕಡಿದುಹೋದಾಗ ಸುದ್ದಿ ಹೊತ್ತು ತಂದದ್ದು ಈ ಪಾರಿವಾಳಗಳೇ. ಆದ್ದರಿಂದ ಪೊಲೀಸರ ತಮಾಷೆ ಹಳೆಯ ವಸ್ತುವಿನ ಮೇಲಲ್ಲ ಮಿತ್ರರೇ, ಹೊತ್ತಿಗೆ ಒದಗದ ವಸ್ತುವಿನ ಮೇಲೆ.

ಈಗ ಎತ್ತಂಗಡಿಯ ವಿಷಯಕ್ಕೆ ಬರೋಣ. "ನೀರು ನೆರಳಿಲ್ಲದ ಕಡೆಗೆ ಹಾಕಿಸಿಬಿಡ್ತೀನಿ" ಎಂಬ ಬೆದರಿಕೆಯ ಮಾತನ್ನು ಕೇಳದ ಕನ್ನಡಿಗರುಂಟೇ? ಯಾವ ಸಾಹೇಬರು ಯಾರ ಮಾತು ಕೇಳಲಿಲ್ಲ, ಯಾವ ಠಾಣೆಗೆ ಯಾರ ಕಡೆಯವರು ಬರುತ್ತಾರೆ ಎಂಬ ಪಿಸುಮಾತು ಠಾಣೆಯ ನಿತ್ಯದ ವಾರ್ತೆ. ಇದನ್ನು ಬರೀ ಗಾಳಿಮಾತು ಎಂದು ತಳ್ಳಿಹಾಕುವ ಹಾಗಿಲ್ಲ. 2006ರ ಸೆಪ್ಟೆಂಬರಿನಲ್ಲಿ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಮುಟ್ಟಿದ್ದು ಇದನ್ನೇ. ಠಾಣಾಧಿಕಾರಿಗೆ ಕನಿಷ್ಠ 2 ವರ್ಷ ಒಂದೇ ಕಡೆ ಅವಧಿ ಇರಬೇಕು, ವರ್ಗಾವಣೆ ನೋಡಿಕೊಳ್ಳಲು ಇಲಾಖೆಯೊಳಗೇ ಒಂದು ಮಂಡಳಿ ಬೇಕು ಎಂದು ಹೇಳಿತು. ಚಹಾದ ಲೋಟ ಹಿಡಿದು ಆಡುತ್ತಿದ್ದ ಮಾತು ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನಲ್ಲಿ ಕಾಣಿಸಿಕೊಂಡಿತು, ನೋಡಿ.

ಹಾಗಾದರೆ ಇಷ್ಟೆಲ್ಲ ಕಷ್ಟವನ್ನು ಪೊಲೀಸರು ನೇರವಾಗಿ ಏಕೆ ಹೇಳುವುದಿಲ್ಲ? ಬ್ಯಾಂಕಿನವರಂತೆ, ಬಸ್ಸಿನವರಂತೆ ಸಂಘ ಕಟ್ಟಿ ಕೇಳಬಹುದಲ್ಲ? ಇಲ್ಲಿದೆ ಗಂಟು. ಸಂವಿಧಾನದ 33ನೇ ವಿಧಿಯ ಆಧಾರದ ಮೇಲೆ 1966ರಲ್ಲಿ ಸಂಸತ್ತು ಒಂದು ಕಾಯ್ದೆ ತಂದಿತು. ಅನುಮತಿ ಇಲ್ಲದೆ ಪೊಲೀಸರು ಕಾರ್ಮಿಕ ಸಂಘ ಸೇರುವಂತಿಲ್ಲ, ಇಲಾಖೆಯ ವಿಷಯವನ್ನು ಪತ್ರಿಕೆಗೆ ಹೇಳುವಂತಿಲ್ಲ. ಮೀರಿದರೆ 2 ವರ್ಷದವರೆಗೂ ಜೈಲು. ಬಂದೂಕು ಹಿಡಿದವರು ಮುಷ್ಕರ ಹೂಡಿದರೆ ನಾಡಿನ ಗತಿಯೇನು ಎಂಬ ಭಯ ಅದರ ಹಿಂದಿತ್ತು. ಭಯ ಸುಳ್ಳೂ ಅಲ್ಲ. ಆದರೆ ಬಾಯಿ ಕಟ್ಟಿದರೆ ಹೊಟ್ಟೆಯೊಳಗಿನ ಉರಿ ಆರುತ್ತದೆಯೇ?

ಆರಲಿಲ್ಲ. 1979ರಲ್ಲಿ ಪಂಜಾಬಿನಲ್ಲಿ ಶುರುವಾದ ಪೊಲೀಸರ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತು. ಅದೇ ವರ್ಷ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೊದಲ ವರದಿಯಲ್ಲೇ ಪೇದೆಗಳ ಸಂಬಳ, ಮನೆ, ದೂರುಗಳನ್ನು ಎತ್ತಿಕೊಂಡಿತ್ತು. ಆಯೋಗದ ಅಧ್ಯಕ್ಷರಾಗಿದ್ದ ಧರ್ಮವೀರ ಅವರು ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಮುಂಬಯಿಯ ಹಿರಿಯ ಕೇಳುಗರಿಗೆ 1982ರ ಆಗಸ್ಟ್ 18 ನೆನಪಿರಬಹುದು. ಗಿರಣಿ ಮುಷ್ಕರದ ಕಾಲ ಅದು. ಪೊಲೀಸರ ಸಂಘದ ಮಾನ್ಯತೆ ರದ್ದಾಗಿ ನಾಯಕರ ಬಂಧನವಾದಾಗ ಪೇದೆಗಳೇ ಬೀದಿಗಿಳಿದರು, ಊರಿಗೆ ಸೈನ್ಯ ಬಂತು. ನಮ್ಮ ಕರ್ನಾಟಕದಲ್ಲೂ 2016ರ ಜೂನ್ 4ರಂದು ಪೊಲೀಸರ ಸಾಮೂಹಿಕ ರಜೆಯ ಕರೆ ಸರ್ಕಾರದ ನಿದ್ದೆ ಕೆಡಿಸಿತ್ತು. ಅದಾದ ಮೇಲೆಯೇ ಸಂಬಳ ಪರಿಷ್ಕರಣೆಯ ಔರಾದ್ಕರ್ ವರದಿ ಬಂದದ್ದು.

ಇವು ಅಪರೂಪದ ದಿನಗಳು. ಉಳಿದ ದಿನಗಳಲ್ಲಿ ಪೇದೆಗೆ ಇದ್ದ ದಾರಿ ಒಂದೇ, ನಕ್ಕುಬಿಡುವುದು. ಅರ್ಜಿ ಬರೆದರೆ ನೋಟಿಸು ಬರಬಹುದು, ಜೋಕಿಗೆ ಯಾರೂ ಸಹಿ ಹಾಕಬೇಕಿಲ್ಲ.

ಆ ಜೋಕುಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳದೆ ಹೋದದ್ದಕ್ಕೆ ತೆತ್ತ ಬೆಲೆ 2008ರ ನವೆಂಬರ್ 26ರ ರಾತ್ರಿ ಗೊತ್ತಾಯಿತು. ಮುಂಬಯಿಯ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47 ಹಿಡಿದು ಬಂದ ಇಬ್ಬರ ಎದುರು ನಮ್ಮ ಪೊಲೀಸರ ಕೈಯಲ್ಲಿದ್ದದ್ದು ಲಾಠಿ, ರಿವಾಲ್ವರ್ ಮತ್ತು ಅದೇ ಹಳೆಯ ರೈಫಲ್. ನಿಲ್ದಾಣವೊಂದರಲ್ಲೇ 50ಕ್ಕೂ ಹೆಚ್ಚು ಜನ ಸತ್ತರು. ಅದೇ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಸಹಾಯಕ ಸಬ್ ಇನ್ಸ್‌ಪೆಕ್ಟರ್ ತುಕಾರಾಮ್ ಓಂಬ್ಳೆ ಬರೀ ಲಾಠಿಯೊಂದಿಗೆ ಹೋಗಿ ಕಸಬ್‌ನ ಬಂದೂಕಿನ ನಳಿಗೆಯನ್ನೇ ಕೈಯಿಂದ ಹಿಡಿದುಕೊಂಡರು. ಗುಂಡುಗಳು ಅವರ ಮೈ ಸೀಳಿದವು, ಹಿಡಿತ ಸಡಿಲವಾಗಲಿಲ್ಲ. ಕಸಬ್ ಜೀವಸಹಿತ ಸಿಕ್ಕಿದ್ದು ಹಾಗೆ. ಓಂಬ್ಳೆಯವರಿಗೆ ಮರುವರ್ಷ ಅಶೋಕ ಚಕ್ರ ಸಂದಿತು. ಮಹಾರಾಷ್ಟ್ರ ಸರ್ಕಾರ ಆಧುನಿಕ ಆಯುಧಗಳ 'ಫೋರ್ಸ್ ಒನ್' ಪಡೆ ಕಟ್ಟಿದ್ದು 2009ರಲ್ಲಿ, ಎಲ್ಲ ಮುಗಿದ ಮೇಲೆ.

ಓಂಬ್ಳೆಯವರ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಅವರ ಕೈಯಲ್ಲಿ ಲಾಠಿ ಬಿಟ್ಟು ಬೇರೇನೂ ಇರಲಿಲ್ಲ ಎಂಬುದನ್ನು ಹೆಮ್ಮೆಯ ಕತೆ ಮಾಡಿಕೊಳ್ಳುವುದು ಬೇಡ. ಅದು ಅವರ ಸಾಹಸ, ನಮ್ಮ ಲೋಪ.

ಆದ್ದರಿಂದ ಮಿತ್ರರೇ, ಮುಂದಿನ ಸಲ ನಿಮ್ಮ ಬೀದಿಯ ಬಂದೋಬಸ್ತಿನಲ್ಲಿ ಆ ನಗು ಕೇಳಿಸಿದರೆ, ಕೆಲಸ ಬಿಟ್ಟು ಹರಟುತ್ತಿದ್ದಾರೆ ಎಂದು ಮುಖ ಸಿಂಡರಿಸಬೇಡಿ. ತೆರಿಗೆ ಕಟ್ಟುವವರು ನೀವು, ಕೇಳುವ ಹಕ್ಕು ನಿಮಗಿದೆ. ಅವರು ಬಾಯಿಬಿಟ್ಟು ಹೇಳಲಾರದ್ದನ್ನು ನೀವು ಕೇಳಬಹುದು. ಕೇಳುಗರು ಎಂಬ ಹೆಸರಿಗೆ ಅದೂ ಒಂದು ಅರ್ಥವಲ್ಲವೇ?

ಮತ್ತೆ ಭೇಟಿಯಾಗೋಣ. ಕೇಳ್ತಾ ಇರಿ!